ಅಪ್ಪನ ವರ್ಷದ ಎಡೆಗೆ ಒಂದು ಪುಟ ಬರೆಯಬೇಕು, ಏನು ಬರೆಯಲಿ?

ದೊಡ್ಡಮಗಳು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿಗೆ ಅಪ್ಪ ಹೋಗಿ ಒಂದು ವರ್ಷ. ಊರಲ್ಲಿ ಎಡೆ ಇಡುತ್ತೇವೆ. ನೆಂಟರು, ಅಂಗಡಿಗೆ ಬರುತ್ತಿದ್ದ ರೈತರು ಎಲ್ಲ ಸೇರಿ ಮುನ್ನೂರು ಜನ ಆಗಬಹುದು. ಬಂದವರ ಕೈಗೆ ಅಪ್ಪನ ಬಗ್ಗೆ ಒಂದು ಪುಟ ಅಚ್ಚು ಹಾಕಿಸಿ ಕೊಡೋಣ ಅಂತ ತಮ್ಮ ಹೇಳಿದ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ವಾರದಿಂದ ಕೂತಿದ್ದೇನೆ, ಕೈ ಓಡುತ್ತಿಲ್ಲ. "ಸರಳ, ಸಜ್ಜನ, ಶ್ರಮಜೀವಿ" ಅಂತ ಬರೆದರೆ ಅದು ಯಾರ ಅಪ್ಪ ಬೇಕಾದರೂ ಆಗಬಹುದು, ಅಲ್ವಾ? ಹನ್ನೊಂದನೇ ದಿನ ಕಟ್ಟಿದ ಫ್ಲೆಕ್ಸ್‌ನಲ್ಲೂ ಅದೇ ಇತ್ತು.

ನನಗೆ ಗೊತ್ತಿರುವುದು ಇಷ್ಟು. ಅಪ್ಪ ಹುಟ್ಟಿದ್ದು 1956ರಲ್ಲಿ, ಹಿರಿಯೂರು ತಾಲ್ಲೂಕಿನ ಹಳ್ಳಿಯಲ್ಲಿ. ನಾಲ್ಕು ಎಕರೆ ಕೆಂಪು ಹೊಲ, ಒಂದು ತೆರೆದ ಬಾವಿ, ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯಲು ಒಂದು ಜೊತೆ ಎತ್ತು. ಮಾರಿಕಣಿವೆ ಅಣೆಕಟ್ಟಿನ ನಾಲೆ ನಮ್ಮ ಊರಿಗೆ ಬರುವುದಿಲ್ಲ. 1972ರ ಬರದಲ್ಲಿ ಬಾವಿ ಬತ್ತಿತು, ಎತ್ತು ಮಾರಿದರು. ಅಪ್ಪ ಎಸ್ಸೆಸ್ಸೆಲ್ಸಿ ಫೇಲಾಗಿ ದಾವಣಗೆರೆಗೆ ಹೋದರು. ಅಲ್ಲಿ ಹತ್ತಿ ಗಿರಣಿಗಳ ಮೋಟಾರು ರಿಪೇರಿ ಮಾಡುವ ಅಂಗಡಿಯಲ್ಲಿ ಐದು ವರ್ಷ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿಯ ಸುರುಳಿ (ಕಾಯಿಲ್) ಸುತ್ತಿ ಕಟ್ಟುವುದನ್ನು ಕಲಿತರು. 1981ರಲ್ಲಿ ಹಿರಿಯೂರಿನಲ್ಲಿ ಸ್ವಂತ ಅಂಗಡಿ ಹಾಕಿದರು. ಆಮೇಲೆ 43 ವರ್ಷ ಪಂಪ್‌ಸೆಟ್ ಮೋಟಾರು ಕಟ್ಟಿದ್ದೇ ಕಟ್ಟಿದ್ದು. ನಮ್ಮ ಮೂವರನ್ನೂ ಓದಿಸಿದರು.

ಅವರು ಬಿಟ್ಟು ಹೋದದ್ದು ಎರಡು ಪುಸ್ತಕ. ಒಂದು ವೈಂಡಿಂಗ್ ಲೆಕ್ಕದ್ದು, ಪುಟಪುಟವೂ ಬರೀ ಅಂಕಿ. ಇನ್ನೊಂದು ಉದ್ರಿ ಪುಸ್ತಕ. ಅದರಲ್ಲಿ ಬರಬೇಕಾದದ್ದು 1 ಲಕ್ಷ 40 ಸಾವಿರದ ಮೇಲೆ ಇದೆ. ಅದನ್ನು ಏನು ಮಾಡುವುದು ಅಂತ ಮನೆಯಲ್ಲಿ ಬೇರೆ ಚರ್ಚೆ ನಡೆದಿದೆ. ಆದರೆ ಮೊದಲು ಈ ಪುಟಕ್ಕೆ ದಾರಿ ಹೇಳಿ.

ರಾಗಿಮುದ್ದೆ:
ಅಕ್ಕ, ನೀವು ಈಗ ಬರೆದಿದ್ದೀರಲ್ಲ, ಎರಡನೇ ಪ್ಯಾರಾ, ಅದನ್ನೇ ಅಚ್ಚು ಹಾಕಿಸಿ. ಮುಗೀತು.

ಮೇಷ್ಟ್ರು_ಶಿರಾ:
ರಾಗಿಮುದ್ದೆಯವರು ಹೇಳಿದ್ದು ಅರ್ಧ ಸರಿ. ಹುಟ್ಟಿದ್ದು, ಕಲಿತದ್ದು, ಅಂಗಡಿ ಹಾಕಿದ್ದು, ಇದೆಲ್ಲ ಎಲುಬು. ಮಾಂಸ ಬೇಕಲ್ಲ. ಅಮ್ಮ ನಿಮಗೆ ಒಂದೇ ಪ್ರಶ್ನೆ. ಸುಟ್ಟ ಮೋಟಾರು ಗಾಡಿಯಲ್ಲಿ ಹೇರಿಕೊಂಡು ಒಬ್ಬ ರೈತ ಅಂಗಡಿ ಮುಂದೆ ಬಂದು ನಿಂತ. ನಿಮ್ಮ ತಂದೆ ಮೊದಲು ಏನು ಮಾಡುತ್ತಿದ್ದರು? ಅದನ್ನು ಬರೆಯಿರಿ.

ದೊಡ್ಡಮಗಳು:
ಮೇಷ್ಟ್ರೇ, ಮೊದಲು ಮೂಸುತ್ತಿದ್ದರು. ನಿಜ. ಮುಚ್ಚಳ ಬಿಚ್ಚಿ ಮೂಗು ಹತ್ತಿರ ತಂದು ಮೂಸಿ, "ಒಂದು ಫೇಸ್ ಹೋಗಿದ್ದರೂ ಓಡಿಸಿದ್ದೀಯ" ಅಂತಲೋ, "ಬರೀ ಬೇರಿಂಗ್ ಹೋಗಿದೆ, ತಗೊಂಡು ಹೋಗು" ಅಂತಲೋ ಹೇಳುತ್ತಿದ್ದರು. ಆಮೇಲೆ "ಹೊಲದಲ್ಲಿ ಏನಿದೆ?" ಅಂತ ಕೇಳುತ್ತಿದ್ದರು. ಕಡಲೆಕಾಯಿ ಇದ್ದರೆ ಎರಡು ದಿನ ತಡೆಯಬಹುದು. ಈರುಳ್ಳಿ, ಟೊಮೆಟೊ ಇದ್ದರೆ ಆ ರಾತ್ರಿಯೇ ಕೂತು ಕಟ್ಟುತ್ತಿದ್ದರು. ಯಾರು ಮೊದಲು ಬಂದರು ಅಂತ ಸಾಲು ನೋಡುತ್ತಿರಲಿಲ್ಲ, ಯಾರ ಬೆಳೆ ಮೊದಲು ಒಣಗುತ್ತದೆ ಅಂತ ನೋಡುತ್ತಿದ್ದರು. ಇದಕ್ಕೆ ಜಗಳವೂ ಆಗುತ್ತಿತ್ತು.

ಕಾಯಿಲ್‌ಕಟ್ಟುವವ:
ನಾನೂ ಇದೇ ಕೆಲಸದವನು, 22 ವರ್ಷದಿಂದ. ನಿಮ್ಮ ಅಪ್ಪ ಮೂಸಿ ನೋಡುತ್ತಿದ್ದರು ಅಂದರಲ್ಲ, ಅದು ಸರಿಯಾದ ಕೆಲಸಗಾರನ ಗುರುತು. ಸಿಂಗಲ್ ಫೇಸಿಂಗ್ ಆಗಿ, ಅಂದರೆ ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟರೆ ಕಣ್ಣಿಗೇ ಕಾಣುತ್ತದೆ. ಕೆಲವು ಕಾಯಿಲ್ ಕಪ್ಪಗೆ, ಪಕ್ಕದವು ಹೊಸದರ ಹಾಗೆ, ಪಟ್ಟೆಪಟ್ಟೆ. ಓವರ್‌ಲೋಡ್ ಆಗಿದ್ದರೆ ಸುತ್ತಲೂ ಒಂದೇ ಥರ ಕಪ್ಪು.

ಆ ಅಂಕಿಯ ಪುಸ್ತಕವನ್ನು ಯಾರಿಗೂ ಕೊಡಬೇಡಿ, ಎಸೆಯಲೂ ಬೇಡಿ. ಒಂದು ಸಾಲು ಇಲ್ಲಿ ಹಾಕಿ ನೋಡೋಣ.

ದೊಡ್ಡಮಗಳು:
ಮೊದಲ ಪುಟದ ಸಾಲು ಹೀಗಿದೆ: "5 ಎಚ್‌ಪಿ, 36 ಸ್ಲಾಟ್, 8-10-12, 38 ಸುತ್ತು, 19 ನಂಬರ್." ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಹಳೇ ತಾಮ್ರ ತೂಕ ಮಾಡಿ ಕೊಟ್ಟಿದೆ" ಅಂತ.

ಕಾಯಿಲ್‌ಕಟ್ಟುವವ:
ಇಷ್ಟರಲ್ಲೇ ಎಲ್ಲ ಇದೆ ನೋಡಿ. ಸ್ಲಾಟ್ ಅಂದರೆ ಕಬ್ಬಿಣದಲ್ಲಿ ತಂತಿ ಕೂರುವ ಸಂದು, ಪಿಚ್ ಅಂದರೆ ಕಾಯಿಲಿನ ಇನ್ನೊಂದು ಬದಿ ಎಷ್ಟನೇ ಸಂದಿಗೆ ಬೀಳುತ್ತದೆ ಅಂತ. 36 ಸ್ಲಾಟ್, 8-10-12 ಪಿಚ್ ಅಂದರೆ 4 ಪೋಲ್, ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರು. ಬಾವಿ ಮೇಲೆ ಇಡುವ ಮೊನೊಬ್ಲಾಕ್ (ಪಂಪು, ಮೋಟಾರು ಒಂದೇ ಆಗಿರುವುದು) ಇರಬೇಕು. 38 ಸುತ್ತು ಒಂದು ಕಾಯಿಲಿಗೆ, 19 ನಂಬರ್ ಅಂದರೆ ತಂತಿಯ ದಪ್ಪ. 19 ನಂಬರ್ ಒಂಟಿ ತಂತಿ ಅಂದರೆ ಡೆಲ್ಟಾ ಕನೆಕ್ಷನ್ (ಮೂರು ಫೇಸಿನ ಕಾಯಿಲ್‌ಗಳನ್ನು ತ್ರಿಕೋನದ ಹಾಗೆ ಜೋಡಿಸುವುದು) ಇರಬೇಕು.

ಆ ಪೆನ್ಸಿಲ್ ಸಾಲಿನ ಬಗ್ಗೆ ಹೇಳಲೇಬೇಕು. ಸುಟ್ಟ ಮೋಟಾರಿನಿಂದ ತೆಗೆದ ತಾಮ್ರ ಕಿಲೋಗಟ್ಟಲೆ ಇರುತ್ತದೆ, ಗುಜರಿಯಲ್ಲಿ ಒಳ್ಳೇ ರೇಟು. ರೈತನಿಗೆ ಗೊತ್ತಿರುವುದಿಲ್ಲ, ಕೇಳುವುದೂ ಇಲ್ಲ. ಎಷ್ಟೋ ಅಂಗಡಿಯವರು ಸುಮ್ನೆ ಇಟ್ಟುಕೊಳ್ಳುತ್ತಾರೆ. ಇನ್ನೂ ಕೆಟ್ಟವರು 19 ನಂಬರ್ ಇರುವ ಕಡೆ 20 ನಂಬರ್ ಹಾಕುತ್ತಾರೆ. ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು. ತಾಮ್ರ ಉಳಿಯುತ್ತದೆ, ಮೋಟಾರು ಬೇಗ ಕಾಯುತ್ತದೆ, ವರ್ಷ ತುಂಬುವುದರೊಳಗೆ ಮತ್ತೆ ಅವನ ಅಂಗಡಿಗೇ ಬರುತ್ತದೆ. ನಿಮ್ಮ ಅಪ್ಪ ಹಳೇ ತಾಮ್ರ ತೂಗಿ ವಾಪಸ್ ಕೊಟ್ಟಿದ್ದಾರೆ. ಅಕ್ಕ, ಆ ಪುಟದ ಮೊದಲ ಸಾಲು ಇದೇ ಆಗಬೇಕು.

ಗದಗಿನ_ಗೆಳೆಯ:
ನಮ್ಮ ಕಡೆ ಒಬ್ಬರು ತಕ್ಕಡಿಯನ್ನೇ ಅಂಗಡಿ ಬಾಗಿಲಿಗೆ ನೇತು ಹಾಕಿದ್ದರು, ಎಲ್ಲರಿಗೂ ಕಾಣುವ ಹಾಗೆ.

ಕೋಲಾರದ_ಹುಡುಗ:
ಎಲ್ಲರೂ ಪುಸ್ತಕ ಪುಸ್ತಕ ಅಂತಿದ್ದೀರಿ. ಈಗ ವೈಂಡಿಂಗ್ ಡೇಟಾ ಎಲ್ಲ ಮೊಬೈಲ್‌ನಲ್ಲೇ ಸಿಗುತ್ತೆ. ಹಳೇ ಪುಸ್ತಕ ಇಟ್ಟುಕೊಂಡು ಏನು ಮಾಡೋದು? ಭಾವನೆ ಬೇರೆ, ಉಪಯೋಗ ಬೇರೆ.

ಕಾಯಿಲ್‌ಕಟ್ಟುವವ:
ತಮ್ಮಾ, ದೊಡ್ಡ ಕಂಪನಿ ಮೋಟಾರಿನ ಡೇಟಾ ಸಿಗುತ್ತೆ, ಒಪ್ಪಿದೆ. ಕೊಯಮತ್ತೂರಿನಿಂದ, ರಾಜಕೋಟ್‌ನಿಂದ ಬರುವ ಎಷ್ಟೋ ಲೋಕಲ್ ಮೋಟಾರಿಗೆ ನೆಟ್ಟಗೆ ನೇಮ್‌ಪ್ಲೇಟೇ ಇರುವುದಿಲ್ಲ. ಅದರ ಡೇಟಾ ಎಲ್ಲಿಂದ ತರುತ್ತೀಯ? ಸುಟ್ಟ ಕಾಯಿಲನ್ನು ಉಳಿಯಲ್ಲಿ ಕಡಿದು, ಒಂದೊಂದೇ ಎಳೆ ಎಣಿಸಿ, ಗೇಜಿನಲ್ಲಿ ಅಳೆದು ಬರೆದಿಟ್ಟಿದ್ದು ಅದು. ಜೊತೆಗೆ ಎಷ್ಟೋ ಮೋಟಾರು ಮೊದಲೇ ಒಂದು ಸಲ ಬೇರೆಯವರ ಕೈಯಲ್ಲಿ ಕೆಟ್ಟಿರುತ್ತೆ. ಆಗ ಒಳಗಿರುವುದೂ ತಪ್ಪು ಲೆಕ್ಕವೇ. ಹಳೇ ಕೆಲಸಗಾರನ ಪುಸ್ತಕ ಇದ್ದರೆ ಮಾತ್ರ ಸರಿ ಯಾವುದು ಅಂತ ಗೊತ್ತಾಗುವುದು.

ಕೋಲಾರದ_ಹುಡುಗ:
ಸರಿ ಅಣ್ಣ, ಇದು ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಪುಟಪುಟವೂ ಫೋಟೊ ತೆಗೆದು ಇಡಲಿ. ಕಾಗದಕ್ಕೆ ಗೆದ್ದಲು ಹಿಡಿಯುತ್ತೆ.

ತೋಟದಮನೆ:
ಹುಳಿಯಾರು ರಸ್ತೆಯಲ್ಲಿ ಹುಣಸೆಮರದ ಪಕ್ಕ ಇದ್ದ ಅಂಗಡಿನಾ? ಅವರಾದರೆ ನನಗೆ ಚೆನ್ನಾಗಿ ಗೊತ್ತು. 2003ರ ಬರದಲ್ಲಿ ನಮ್ಮ ಮೋಟಾರು ಮೂರು ಸಲ ಕಟ್ಟಿದ್ದರು. ಮೂರನೇ ಸಲ ದುಡ್ಡು ಬೇಡ ಅಂದರು. "ನೀರೇ ಇಲ್ಲ ಕಣಪ್ಪ, ಮೋಟಾರು ಕಟ್ಟಿ ಏನು ಪ್ರಯೋಜನ, ಮೇಲೆ ಎತ್ತಿಡು" ಅಂದಿದ್ದರು.

ದೊಡ್ಡಮಗಳು:
ಇಲ್ಲಣ್ಣ, ನಮ್ಮದು ಆ ರಸ್ತೆಯಲ್ಲಿ ಇರಲಿಲ್ಲ. ಅವರು ಬೇರೆ. ಆದರೆ ಅಪ್ಪನಿಗೆ ಅವರು ಗೊತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ವಾರ್ನಿಷ್ ಸಾಲ ಕೊಡುತ್ತಿದ್ದರು.

ತೋಟದಮನೆ:
ಓ, ಹಾಗಾ. ತಪ್ಪು ತಿಳಿದೆ ತಾಯಿ. ಅವರೂ ಹೋಗಿ ಏಳೆಂಟು ವರ್ಷ ಆಯಿತು. ಅವರ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಬಯಲುಸೀಮೆ57:
ಕಪಿಲೆ ಅಂದಿರಲ್ಲ, ಅದನ್ನು ಬಿಡಬೇಡಿ. ಈಗಿನ ಮಕ್ಕಳಿಗೆ ಕಪಿಲೆ ಅಂದರೆ ಹಸು ಅಂದುಕೊಳ್ಳುತ್ತಾರೆ. ಚರ್ಮದ ಬಾನಿ, ಮಿಣಿ ಹಗ್ಗ, ಬಾವಿ ಕಡೆಯಿಂದ ಇಳಿಜಾರಿನಲ್ಲಿ ಎತ್ತು ಇಳಿಯುವುದು, ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುವುದು, ಮತ್ತೆ ಎತ್ತು ಹಿಂದಕ್ಕೆ ಹತ್ತುವುದು. ನಾನು ಹೊಡೆದಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೆ ಕಟ್ಟಿದರೆ ಬಿಸಿಲೇರುವ ಹೊತ್ತಿಗೆ ಎತ್ತೂ ಸಾಕಾಗಿರುತ್ತಿತ್ತು, ನಾವೂ ಸಾಕಾಗಿರುತ್ತಿದ್ದೆವು. ಅಷ್ಟು ಹೊತ್ತು ದುಡಿದು ನೆನೆಯುತ್ತಿದ್ದುದು ನಾಲ್ಕು ಮಡಿ. ಅದನ್ನು ಮೈಯಲ್ಲಿ ಅನುಭವಿಸಿದ ಹುಡುಗನಿಗೆ ಮೋಟಾರು ಅಂದರೆ ಏನು ಅಂತ ಬೇರೆಯವರಿಗಿಂತ ಜಾಸ್ತಿ ಗೊತ್ತಿರುತ್ತದೆ.

ಗದಗಿನ_ಗೆಳೆಯ:
ಏತಕ್ಕೂ ಕಪಿಲೆಗೂ ಏನು ವ್ಯತ್ಯಾಸ ಸರ್?

ಬಯಲುಸೀಮೆ57:
ಏತದಲ್ಲಿ ಉದ್ದನೆಯ ಮರದ ಮೇಲೆ ಮನುಷ್ಯ ಹಿಂದೆ ಮುಂದೆ ನಡೆಯುತ್ತಾನೆ, ಎತ್ತು ಇಲ್ಲ. ನೀರು ಮೇಲೆ ಇದ್ದರೆ ಮಾತ್ರ ಏತ. ಆಳದ ಬಾವಿಗೆ ಕಪಿಲೆಯೇ.

ರಾಗಿಮುದ್ದೆ:
ಬೆಸ್ಕಾಂನವರು ಮೊದಲು ಕರೆಂಟು ಕೊಟ್ಟಾಗ ನಮ್ಮ ತಾತ ಸ್ವಿಚ್‌ಬೋರ್ಡಿಗೆ ಪೂಜೆ ಮಾಡಿದ್ದರಂತೆ, 1970ರ ಸುಮಾರು.

ಮೇಷ್ಟ್ರು_ಶಿರಾ:
ಆಗ ಬೆಸ್ಕಾಂ ಎಲ್ಲಿತ್ತು? ಆಗ ಕರೆಂಟು ಕೊಡುತ್ತಿದ್ದುದು ವಿದ್ಯುಚ್ಛಕ್ತಿ ಮಂಡಳಿ. ಅದೇ ಕೆಇಬಿ ಆಗಿ, 1999ರಲ್ಲಿ ಕೆಪಿಟಿಸಿಎಲ್ ಆಯಿತು. ಬೆಸ್ಕಾಂ ಬಂದದ್ದು 2002ರಲ್ಲಿ. ಜನ ಈಗಲೂ ಕೆಇಬಿ ಅಂತಲೇ ಅನ್ನುತ್ತಾರೆ, ಅದು ಬೇರೆ. 1964ರಲ್ಲಿ ಲಿಂಗನಮಕ್ಕಿ ಆಗಿ ಶರಾವತಿ ಕರೆಂಟು ಬಂದ ಮೇಲೆಯೇ ನಮ್ಮ ಕಡೆ ಹಳ್ಳಿಗಳಿಗೆ ಕಂಬ ಬಂದದ್ದು. ಈ ಅಮ್ಮನ ತಂದೆಯ ಕಥೆಗೂ ಅದಕ್ಕೂ ನಂಟಿದೆ. ಬಾವಿಗೆ ಕರೆಂಟು ಬಂತು, ಎತ್ತು ಹೋಯಿತು, ಎತ್ತು ಹೊಡೆಯುತ್ತಿದ್ದ ಹುಡುಗನಿಗೆ ಹೊಸ ಕಸುಬು ಸಿಕ್ಕಿತು. ಒಂದೇ ಜೀವಮಾನದಲ್ಲಿ ಬಾನಿಯಿಂದ ಬೋರಿನೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್‌ವರೆಗೆ ನೋಡಿದ ತಲೆಮಾರು ಅದು.

ನೀರಿನ_ಲೆಕ್ಕ:
ಒಂದು ಕಹಿ ಮಾತು ಹೇಳಲಾ? ಆ ಮೋಟಾರುಗಳೇ ನಮ್ಮ ಅಂತರ್ಜಲ ಖಾಲಿ ಮಾಡಿದ್ದು. 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ಕರೆಂಟು ಬಂದಾಗಲೆಲ್ಲ ಓಡಲಿ ಅಂತ ಆಟೋ ಸ್ಟಾರ್ಟರ್. ಬಾವಿ ಬತ್ತಿತು, ಬೋರು ಬಂತು. 200 ಅಡಿ ಬತ್ತಿತು, 800 ಅಡಿ ಬಂತು.

ಬಯಲುಸೀಮೆ57:
ಒಬ್ಬರು ತೀರಿಹೋದ ಅಪ್ಪನ ಬಗ್ಗೆ ಕೇಳುತ್ತಿರುವಾಗ ಇದನ್ನು ಇಲ್ಲಿ ತರಬೇಕಿತ್ತಾ?

ದೊಡ್ಡಮಗಳು:
ಇರಲಿ ಸರ್, ಬೇಜಾರಿಲ್ಲ. ಅಪ್ಪನೇ ಈ ಮಾತು ಹೇಳುತ್ತಿದ್ದರು. ನಮ್ಮ ಹೊಲದಲ್ಲಿ 1986ರ ಬೋರು 180 ಅಡಿಗೆ ನೀರು ಕೊಟ್ಟಿತ್ತು. 2016ರಲ್ಲಿ 700 ಅಡಿ ಕೊರೆಸಿದೆವು, ಬರೀ ಧೂಳು. ಅಪ್ಪ ಬೋರ್ ಲಾರಿ ಪಕ್ಕ ಧೂಳಿನಲ್ಲೇ ಬಹಳ ಹೊತ್ತು ನಿಂತಿದ್ದರು. ತೆಂಗಿನ ಗಿಡಗಳ ಸುಳಿ ಒಣಗಿ ಒಂದೊಂದೇ ಬಿದ್ದವು. ಅವರ ಅಂಗಡಿಗೆ ಮಾತ್ರ ಆ ವರ್ಷ ಕೆಲಸವೋ ಕೆಲಸ. ನೀರು ಕೆಳಗೆ ಹೋದ ಹಾಗೆ ಮೋಟಾರು ಸುಡುವುದು ಜಾಸ್ತಿ. "ಊರಿನ ಹೊಲ ಒಣಗಿದರೆ ನಮ್ಮ ಒಲೆ ಉರಿಯುತ್ತಲ್ಲೇ" ಅಂತ ಅಮ್ಮನ ಹತ್ತಿರ ಹೇಳಿ ಆ ದಿನ ಊಟ ಮಾಡಲಿಲ್ಲ. ಇದನ್ನು ಆ ಪುಟದಲ್ಲಿ ಬರೆಯಲೋ ಬೇಡವೋ ಗೊತ್ತಾಗುತ್ತಿಲ್ಲ.

ನೀರಿನ_ಲೆಕ್ಕ:
ಬರೆಯಿರಿ. ನಾನು ಹೇಳಿದ್ದು ಒರಟಾಯಿತು, ಕ್ಷಮಿಸಿ. ಅದೊಂದು ಮಾತಿಗಾಗಿಯಾದರೂ ಬರೆಯಿರಿ.

ರಾಗಿಮುದ್ದೆ:
ಬೇಡ ಅಂತ ನನಗನಿಸುತ್ತೆ. ಎಡೆ ದಿನ ಊಟಕ್ಕೆ ಬಂದ ರೈತರಿಗೆ ಆ ವರ್ಷ ನೆನಪು ಮಾಡಿಕೊಡುವುದೇಕೆ?

ಮಲೆನಾಡತ್ತಿಗೆ:
ಮೊದಲಿನಿಂದ ಓದಿಕೊಂಡು ಬಂದೆ. ತಾಮ್ರ, ಸ್ಲಾಟ್, ಕಪಿಲೆ, ಕೆಇಬಿ ಎಲ್ಲ ಬಂತು. ನಿಮ್ಮ ಅಮ್ಮ ಎಲ್ಲಿ? ಆ ಮನುಷ್ಯ ರಾತ್ರಿಯೆಲ್ಲ ಕೂತು ಮೋಟಾರು ಕಟ್ಟುತ್ತಿದ್ದರು ಅಂದರೆ ಮನೆ ಯಾರು ನಡೆಸಿದರು? ಮಕ್ಕಳು ಯಾರ ಕೈಯಲ್ಲಿ ಬೆಳೆದರು? ಸಂಸಾರಸ್ಥ ಅಂತ ಬರೆಯುವಾಗ ಸಂಸಾರ ಕಾಣಬೇಕಲ್ಲ.

ದೊಡ್ಡಮಗಳು:
ಅತ್ತಿಗೆ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಒಂದೂವರೆ ಗಂಟೆ ಮಾತಾಡಿದರು. ಅಪ್ಪ ಹೋದ ಮೇಲೆ ಅಷ್ಟು ಮಾತಾಡಿದ್ದು ಇದೇ ಮೊದಲು.

ಸ್ಲಾಟಿಗೆ ಹಾಕುವ ಇನ್ಸುಲೇಷನ್ ಕಾಗದ ಕತ್ತರಿಸುತ್ತಿದ್ದುದು ಅಮ್ಮ. ಇದು ನನಗೆ ನೆನಪಿದೆ, ಆದರೆ ಅದು ಕೆಲಸ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ಕಟ್ಟೆಯಲ್ಲಿ ಕೂತು, ಅಪ್ಪ ಕೊಟ್ಟ ಅಳತೆಪಟ್ಟಿ ಇಟ್ಟು, ದಪ್ಪ ಕಾಗದವನ್ನು ಒಂದೇ ಸಮ ಕತ್ತರಿಸಿ ಎರಡೂ ತುದಿ ಮಡಚುತ್ತಿದ್ದರು. 36 ಸ್ಲಾಟಿಗೆ 36 ತುಂಡು, ಕೆಡುವುದಕ್ಕೆ ಅಂತ ನಾಲ್ಕು ಜಾಸ್ತಿ. ತುದಿ ಮಡಚದಿದ್ದರೆ ಕಾಗದ ಜಾರಿ ತಂತಿ ಕಬ್ಬಿಣಕ್ಕೆ ತಾಗುತ್ತದಂತೆ. ಸ್ಲಾಟಿನ ಬಾಯಿ ಮುಚ್ಚುವ ಬಿದಿರಿನ ಸೀಳುಗಳನ್ನು ಗಾಜಿನ ಚೂರಿನಲ್ಲಿ ಹೆರೆದು ನಯ ಮಾಡುತ್ತಿದ್ದುದು ಅಜ್ಜಿ. ನಾನು, ತಂಗಿ ಕೈಯಂತ್ರದಲ್ಲಿ ಕಾಯಿಲ್ ಸುತ್ತುವಾಗ ಎಣಿಸುತ್ತಿದ್ದೆವು. ಮಗ್ಗಿ ಕಲಿಯುವ ಮೊದಲೇ 38ರವರೆಗೆ ಎಣಿಸುವುದು ಬಂದಿತ್ತು. ಮಧ್ಯೆ ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, ಪೂರ್ತಿ ಬಿಚ್ಚಿ "ಒಂದರಿಂದ" ಅನ್ನುತ್ತಿದ್ದರು. ಅಷ್ಟೇ.

ವಾರ್ನಿಷ್ ಹಾಕಿದ ಮೋಟಾರನ್ನು ಮಳೆಗಾಲದಲ್ಲಿ ಒಣಗಿಸಲು ಒಳಗೆ 200 ವ್ಯಾಟಿನ ಬಲ್ಬು ಉರಿಸಿ ಗೋಣಿಚೀಲ ಮುಚ್ಚಿ ಇಡುತ್ತಿದ್ದರು. ಚಳಿಗೆ ನಾವು ಅದರ ಪಕ್ಕ ಚಾಪೆ ಹಾಕಿಕೊಂಡು ಮಲಗುತ್ತಿದ್ದೆವು. ಈಗಲೂ ಎಲ್ಲಾದರೂ ವಾರ್ನಿಷ್ ವಾಸನೆ ಬಂದರೆ ನಿದ್ದೆ ಎಳೆಯುತ್ತದೆ.

ಮಲೆನಾಡತ್ತಿಗೆ:
ನೋಡಿ, ಇದು ಈಗ ಪುಟ ಆಯಿತು. ಅಜ್ಜಿಯನ್ನೂ ಬಿಡಬೇಡಿ.

ಕಾಯಿಲ್‌ಕಟ್ಟುವವ:
ಗಾಜಿನ ಚೂರಿನಲ್ಲಿ ಬಿದಿರು ಹೆರೆಯುವುದು! ನಮ್ಮ ಗುರುಗಳೂ ಹಾಗೇ ಮಾಡಿಸುತ್ತಿದ್ದರು. ಈಗ ಎಲ್ಲ ಫೈಬರ್. ಸಬ್‌ಮರ್ಸಿಬಲ್ ಬಂದ ಮೇಲೆ ವಾರ್ನಿಷ್ ಕೆಲಸವೂ ಕಮ್ಮಿ ಆಯಿತು. ನೀರು ತುಂಬುವ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ, ವಾರ್ನಿಷ್ ಬೇಕಿಲ್ಲ. ನಿಮ್ಮ ಅಪ್ಪ ಅದನ್ನೂ ಕಲಿತರಾ?

ದೊಡ್ಡಮಗಳು:
ಕಲಿತರು. ನಲವತ್ತು ದಾಟಿದ ಮೇಲೆ. ಪೈಪು ಇಳಿಸುವಾಗ ಕ್ಲ್ಯಾಂಪಿಗೆ ಸಿಕ್ಕಿ ಎಡಗೈ ಉಂಗುರದ ಬೆರಳಿನ ತುದಿ ಹೋಯಿತು. ಆಮೇಲೂ ಮೋಟಾರಿಗೆ ತುಂಬುವ ನೀರನ್ನು ತೆಳು ಪಂಚೆಯಲ್ಲಿ ಸೋಸಿ ತಾವೇ ತುಂಬುತ್ತಿದ್ದರು. ಒಂದು ಮರಳಿನ ಕಾಳು ಇದ್ದರೂ ಬೇರಿಂಗ್ ತಿನ್ನುತ್ತದೆ ಅಂತ.

ಗದಗಿನ_ಗೆಳೆಯ:
ಉದ್ರಿ ಪುಸ್ತಕದ ವಿಷಯ ಏನಾಯಿತು? ನನ್ನ ಅಭಿಪ್ರಾಯ, ಹರಿದು ಹಾಕಿ. ಅಪ್ಪನ ಹೆಸರಿನಲ್ಲಿ ಎಲ್ಲರ ಸಾಲ ಮನ್ನಾ ಅಂತ ಎಡೆ ದಿನ ಹೇಳಿಬಿಡಿ.

ಲೆಕ್ಕಿಗ:
ಸುಮ್ನೆ ಹೇಳಿದಷ್ಟು ಸುಲಭ ಅಲ್ಲ ಅದು. ಒಂದು ಲಕ್ಷದ ಮೇಲಿನ ದುಡ್ಡು ಆ ತಾಯಿಯದ್ದು. ಅವರ ಔಷಧಿ, ಮನೆ ಖರ್ಚು ಯಾರು ನೋಡುತ್ತಾರೆ? ಕಾನೂನಿನ ಪ್ರಕಾರ ನೋಡಿದರೂ ಇಂಥ ಸಾಲಕ್ಕೆ ದಾವೆ ಹಾಕಲು ಮೂರು ವರ್ಷದ ಗಡುವು. ಹಳೆಯದೆಲ್ಲ ಆ ಲೆಕ್ಕದಲ್ಲಿ ಹೋಗಿಯೇ ಹೋಯಿತು. ಮೂರು ವರ್ಷದ ಒಳಗಿನದ್ದನ್ನು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪೇನಿದೆ? ಕೆಲಸ ಮಾಡಿದ ಕೂಲಿ ಅದು, ಬಡ್ಡಿ ದುಡ್ಡಲ್ಲ.

ತೋಟದಮನೆ:
ದಾವೆ ಗೀವೆ ಮಾತು ಬೇಡ. ಆದರೆ ರೈತ ಕೊಡುವುದಿಲ್ಲ ಅಂತ ಯಾಕೆ ಅಂದುಕೊಳ್ಳುತ್ತೀರಿ? ನಾವು ಬೆಳೆ ಬಂದಾಗ ಕೊಡುತ್ತೇವೆ. ಮನ್ನಾ ಅಂತ ಎಲ್ಲರ ಮುಂದೆ ಹೇಳಿದರೆ ಕೊಡಬೇಕು ಅಂತ ಇಟ್ಟುಕೊಂಡವನಿಗೆ ಅವಮಾನ.

ದೊಡ್ಡಮಗಳು:
ತಮ್ಮ ಎಲ್ಲರಿಗೂ ಫೋನ್ ಮಾಡುತ್ತೇನೆ ಅಂದ. ತಂಗಿ ಹರಿದು ಹಾಕು ಅಂದಳು. ಅಮ್ಮ ಇಬ್ಬರ ಮಾತೂ ಕೇಳಲಿಲ್ಲ. ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ತಮ್ಮನ ಕೈಯಲ್ಲಿ ಒಂದೊಂದೇ ಹೆಸರು ಓದಿಸಿದರು. "ಇವನ ಹೆಂಡತಿಗೆ ಆಪರೇಷನ್ ಆಗಿದೆ, ಹೊಡೆದು ಹಾಕು. ಇವನು ಟ್ರ್ಯಾಕ್ಟರ್ ತಗೊಂಡಿದ್ದಾನೆ, ಕೇಳು. ಇವರು ಊರು ಬಿಟ್ಟರು. ಇವನು ಬೇಡ, ತಾನೇ ತರುತ್ತಾನೆ." ಅಂಗಡಿಗೆ ಕಾಲಿಡದ ಅಮ್ಮನಿಗೆ ನೂರಾರು ಜನರ ಮನೆ ವಿಷಯ ಗೊತ್ತಿತ್ತು. ಅಪ್ಪ ದಿನಾ ರಾತ್ರಿ ಊಟದ ಹೊತ್ತಿಗೆ ಎಲ್ಲ ಹೇಳುತ್ತಿದ್ದರಂತೆ.

ಲೆಕ್ಕಿಗ:
ನಿಮ್ಮ ಅಮ್ಮನ ತೀರ್ಮಾನಕ್ಕಿಂತ ಸರಿಯಾದದ್ದು ನಾನು ಹೇಳಲಾರೆ.

ಬಯಲುಸೀಮೆ57:
2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ನಿಮ್ಮ ತಂದೆ ಇದ್ದರಲ್ಲ? ನಾನು ಹೋಗಿದ್ದೆ. 1933 ಆದ ಮೇಲೆ ಅದೇ ಮೊದಲು, 89 ವರ್ಷ. ನಮ್ಮಪ್ಪ ನೋಡದೆ ಹೋದದ್ದನ್ನು ನಾನು ನೋಡಿದೆ.

ದೊಡ್ಡಮಗಳು:
ಇದ್ದರು ಸರ್. ಅಂಗಡಿಗೆ ರಜಾ ಹಾಕಿ ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಆಯುಧಪೂಜೆ ಬಿಟ್ಟರೆ ಅವರು ರಜಾ ಹಾಕಿದ್ದು ನಾನು ನೋಡಿದ್ದು ಅದೊಂದೇ ಸಲ. ಆ ವರ್ಷ ಅಂಗಡಿಗೆ ಬಂದ ಮೋಟಾರು ಬಹಳ ಕಮ್ಮಿ. ಅಮ್ಮ ಅದನ್ನೇ ಹೇಳಿ ನಕ್ಕರು, "ದುಡಿಮೆ ಇಲ್ಲ, ನಿಮ್ಮಪ್ಪನಿಗೆ ಖುಷಿಯೋ ಖುಷಿ" ಅಂತ.

ಈವರೆಗೆ ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

"ನಮ್ಮ ಅಪ್ಪ ಸುಟ್ಟ ಮೋಟಾರು ಬಿಚ್ಚಿದರೆ ಹಳೇ ತಾಮ್ರವನ್ನು ತೂಗಿ ರೈತನ ಕೈಗೆ ಕೊಡುತ್ತಿದ್ದರು. ಹುಡುಗನಾಗಿದ್ದಾಗ ಕಪಿಲೆ ಹೊಡೆದವರು. 1972ರ ಬರದಲ್ಲಿ ಎತ್ತು ಹೋದ ಮೇಲೆ ದಾವಣಗೆರೆಯಲ್ಲಿ ಕಸುಬು ಕಲಿತರು. 43 ವರ್ಷ ಈ ಊರಿನಲ್ಲಿ ಮೋಟಾರು ಕಟ್ಟಿದರು. ಅಜ್ಜಿ ಬಿದಿರು ಹೆರೆದರು, ಅಮ್ಮ ಕಾಗದ ಕತ್ತರಿಸಿದರು, ನಾವು ಸುತ್ತು ಎಣಿಸಿದೆವು. ಯಾರ ಹೊಲದಲ್ಲಿ ಏನಿದೆ ಅಂತ ಕೇಳಿ ಕೆಲಸ ಹಿಡಿಯುತ್ತಿದ್ದರು. 2016ರಲ್ಲಿ ಊರು ಒಣಗಿದಾಗ ಕೈತುಂಬ ಕೆಲಸವಿದ್ದರೂ ಊಟ ಬಿಟ್ಟಿದ್ದರು. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಅಂಗಡಿ ಮುಚ್ಚಿ ನೋಡಲು ಹೋಗಿದ್ದರು. ಅವರ ವೈಂಡಿಂಗ್ ಪುಸ್ತಕ ನಮ್ಮ ಹತ್ತಿರ ಇದೆ. ಈ ಕೆಲಸ ಮಾಡುವವರು ಯಾರೇ ಕೇಳಿದರೂ ಅದರ ನಕಲು ಕೊಡುತ್ತೇವೆ."

ಕಾಯಿಲ್‌ಕಟ್ಟುವವ:
ಮೊದಲ ನಕಲು ನನಗೆ ಅಕ್ಕ. ಎಡೆಗೆ ಬರುತ್ತೇನೆ, ದಿನ ತಿಳಿಸಿ.

ರಾಗಿಮುದ್ದೆ:
2016 ಬೇಡ ಅಂದಿದ್ದೆ. ಓದಿದ ಮೇಲೆ ಇರಲಿ ಅನಿಸಿತು.

ಮೇಷ್ಟ್ರು_ಶಿರಾ:
ಒಂದಕ್ಷರವೂ ತಿದ್ದುವುದಿಲ್ಲ. ಅಚ್ಚು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಮ್ಮ. ಬರುವ ರೈತರಲ್ಲಿ ಕಣ್ಣು ಮಂಜಾದವರೇ ಜಾಸ್ತಿ ಇರುತ್ತಾರೆ.